ಕೌದಿಯ ಏಕಾದಶಿ

ನನಗೆ ಸೂಜಿಗೆ ದಾರ ಪೋಣಿಸಲು ಬರುತ್ತದೆ ಎಂಬ ಸಂಗತಿಯನ್ನು ಮಹಾಪೆಯ ನಮ್ಮ ಆಫೀಸಿನಲ್ಲಿ ಇದುವರೆಗೆ ಯಾರಿಗೂ ಹೇಳಿಲ್ಲ. ಅಲ್ಲಿ ನಾನು ಮಿಮಿಕ್ರಿಯವನೆಂದೇ ಹೆಸರಾದವನು. ಬಾಸಿನ ಕೆಮ್ಮು, ಲೋಕಲ್ ಟ್ರೇನಿನಲ್ಲಿ ಮುಂದಿನ ಸ್ಟೇಷನ್ನಿನ ಹೆಸರು ಹೇಳುವ ಹೆಂಗಸಿನ ದನಿ, ಕ್ಯಾಂಟೀನಿನ ಮಿಕ್ಸರು, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗಿವೆ. ಇಂಥವನು ಭಾನುವಾರಗಳಲ್ಲಿ ಹದಿನಾಲ್ಕು ಹೆಂಗಸರ ನಡುವೆ ಚಕ್ಕಳಮಕ್ಕಳ ಹಾಕಿ ಕೂತು ಕೌದಿ ಹೊಲಿಯುತ್ತಿದ್ದ ಎಂದು ಗೊತ್ತಾದರೆ ನನ್ನನ್ನೇ ಅಣಕಿಸುವ ಇನ್ನೊಬ್ಬ ಹುಟ್ಟಿಕೊಳ್ಳುತ್ತಾನೆ. ಆ ಪೈಪೋಟಿ ನನಗೆ ಬೇಡ.

ತಪ್ಪು ನನ್ನದಲ್ಲ, ದೊಡ್ಡವ್ವನದು. ದೊಡ್ಡವ್ವ ನನ್ನ ತಾಯಿಯ ಅಕ್ಕ. ಗದಗಿನ ಕಡೆಯ ಹಳ್ಳಿಯಿಂದ ಮದುವೆಯಾಗಿ ಡೊಂಬಿವಲಿಗೆ ಬಂದವಳು. ನಮ್ಮದೂ ಅವಳದೂ ಒಂದೇ ಬಿಲ್ಡಿಂಗು. ನಾನು ಮಲಗುವುದು ಎರಡನೆಯ ಮಹಡಿಯಲ್ಲಿ, ಉಣ್ಣುವುದು ಕೆಳಗೆ ಅವಳ ಮನೆಯಲ್ಲಿ. ಉಣ್ಣುವಾಗ ಎದುರಿಗೆ ಕಾಣುವ ಗೋಡೆಯನ್ನು ನಾನು ‘ಸನ್ಮಾನದ ಗೋಡೆ’ ಎಂದು ಕರೆಯುತ್ತೇನೆ. ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಗುಮಾಸ್ತರಾಗಿದ್ದ ದೊಡ್ಡಪ್ಪನಿಗೆ ನಿವೃತ್ತಿಯ ದಿನ ಕೊಟ್ಟ ಮಾನಪತ್ರ ಅಲ್ಲಿದೆ. ಅವರ ಮಗಳು ಕರಿ ಗೌನು ತೊಟ್ಟು ನಿಂತ ಪದವಿಯ ಫೋಟೋ ಇದೆ. ಮಿಮಿಕ್ರಿ ಸ್ಪರ್ಧೆಯಲ್ಲಿ ನನಗೆ ಸಿಕ್ಕ ಸಮಾಧಾನಕರ ಬಹುಮಾನದ ಕಾಗದವೂ, ನಮ್ಮ ಮನೆಯಲ್ಲಿ ಜಾಗ ಸಿಗದೆ, ಇಲ್ಲಿ ಆಶ್ರಯ ಪಡೆದಿದೆ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ದೊಡ್ಡವ್ವನ ಹೆಸರಿರುವುದು ರೇಷನ್ ಕಾರ್ಡಿನಲ್ಲಿ ಮಾತ್ರ, ಅದು ಗೋಡೆಗೆ ತೂಗುಹಾಕುವಂಥದ್ದಲ್ಲ. ಕಪಾಟಿನಲ್ಲಿ ಅವಳು ಹೊಲಿದ ಹನ್ನೊಂದು ಕೌದಿಗಳಿವೆ. ಅವಕ್ಕೆ ಹೆಸರು ಬರೆಯುವ ರೂಢಿಯಿಲ್ಲ.

ಇದೆಲ್ಲ ಶುರುವಾದದ್ದು ವಾಶಿಯ ಒಂದು ಸಭಾಂಗಣದಲ್ಲಿ, ನನ್ನದೇ ಕಾರ್ಯಕ್ರಮದ ಹೊತ್ತಿಗೆ. ಎಸಿಯ ಚಳಿ ತಡೆಯದ ದೊಡ್ಡವ್ವ ಮನೆಯಿಂದ ಕೌದಿ ತಂದು ಹೊದ್ದು ಕೂತಿದ್ದಳು. ವೇದಿಕೆಯ ಮೇಲೆ ನಾನು ನಾಲ್ಕು ದನಿಗಳಲ್ಲಿ ಒಂದೇ ಸೀಟಿಗೆ ಜಗಳವಾಡುತ್ತಿದ್ದೆ. ಸಭೆಯೆಲ್ಲ ನಗುತ್ತಿದ್ದರೆ ದೊಡ್ಡವ್ವನ ಹಿಂದಿನ ಸೀಟಿನ ಒಬ್ಬ ಹೆಂಗಸು ಮಾತ್ರ ಬೆರಳು ಮಡಚುತ್ತ ಏನನ್ನೋ ಎಣಿಸುತ್ತಿದ್ದರು. ನನ್ನ ತಪ್ಪುಗಳನ್ನು ಎಣಿಸುತ್ತಿದ್ದಾರೆಂದು ನಾನು ಬೆವತೆ. ಆಮೇಲೆ ತಿಳಿಯಿತು, ಅವರು ಎಣಿಸುತ್ತಿದ್ದದ್ದು ದೊಡ್ಡವ್ವನ ಬೆನ್ನಿನ ಮೇಲಿನ ಹೊಲಿಗೆಗಳನ್ನು.

ಅವರು ಸುಮಾ ಮೇಡಂ. ಮೈಸೂರಿನವರು, ಇರುವುದು ಖಾರಘರದ ಹದಿನೇಳನೆಯ ಮಹಡಿಯಲ್ಲಿ. ಗಂಡನ ಕೆಲಸದ ನಿಮಿತ್ತ ಹೊರದೇಶದಲ್ಲಿದ್ದಾಗ ಕ್ವಿಲ್ಟ್ ಎಂಬ ಅಲ್ಲಿನ ಕೌದಿ ಹೊಲಿಯುವುದನ್ನು ಕಲಿತು ಬಂದು ಇಲ್ಲಿ ಒಂದು ಬಳಗ ಕಟ್ಟಿಕೊಂಡಿದ್ದರು.

“ಅಮ್ಮಾ, ಇದನ್ನ ಯಾರು ಮಾಡಿದ್ದು?” ಎಂದು ಕೇಳಿದರು.

“ನಾನವ್ವಾ. ಹಳೇ ಸೀರೀದು.”

“ನೀವು ಮಾಸ್ಟರ್ ಲೆವೆಲ್ ಕಣ್ರೀ. ನಮ್ಮ ಬಳಗದಲ್ಲಿ ಪರೀಕ್ಷೆ ಇದೆ, ಕೂತ್ಕೊಳ್ಳಿ. ಪಾಸಾದ್ರೆ ಮಾಸ್ಟರ್ ಅಂತ ಸರ್ಟಿಫಿಕೇಟ್ ಕೊಡ್ತೀವಿ.”

ದೊಡ್ಡವ್ವ ಪರೀಕ್ಷೆ ಹೇಗೆ, ಯಾವಾಗ ಎಂದೇನೂ ಕೇಳಲಿಲ್ಲ. “ಅದರಾಗ ಹೆಸರು ಯಾರದು ಬರೀತಾರ?” ಎಂದಳು.

“ನಿಮ್ದೇ.”

“ಬರೇ ನಂದಾ? ನಮ್ಮ ಮನಿಯವರದು ಬ್ಯಾಡೇನು?”

“ನಿಮ್ಮೊಬ್ಬರದೇ ಅಮ್ಮಾ.”

ಮುಂದಿನ ಭಾನುವಾರ ಬೆಳಿಗ್ಗೆ ದೊಡ್ಡವ್ವ ಇಸ್ತ್ರಿ ಮಾಡಿದ ಸೀರೆ ಉಟ್ಟು, ನಾನಿನ್ನೂ ಹಲ್ಲುಜ್ಜುತ್ತಿದ್ದಾಗಲೇ ಬಾಗಿಲಲ್ಲಿ ನಿಂತು, “ಏ ಮಂಗ್ಯಾ, ನಡಿ ಖಾರಘರಕ್ಕ” ಎಂದಳು. ದೊಡ್ಡಪ್ಪ ಅಂದೇ ಗೋಡೆಗೆ ಒಂದು ಮೊಳೆ ಹೊಡೆದುಬಿಟ್ಟರು. ಕಬ್ಬಿಣದ ಮಾರ್ಕೆಟ್ಟಿನವರು, ಮೊಳೆಯ ವಿಷಯದಲ್ಲಿ ಯಾವಾಗಲೂ ಮುಂದು.

ಡೊಂಬಿವಲಿಯಿಂದ ಠಾಣೆ, ಅಲ್ಲಿ ಗಾಡಿ ಬದಲಿಸಿ ಪನ್ವೇಲ್ ಕಡೆಗೆ. ದೊಡ್ಡವ್ವನನ್ನು ಕರೆದೊಯ್ದು ಕರೆತರುವುದಷ್ಟೇ ನನ್ನ ಕೆಲಸವಾಗಿತ್ತು. ಆದರೆ ಬಳಗದ ಹೆಂಗಸರು ಒಬ್ಬೊಬ್ಬರೂ ದಾರ ಕಡಿಯುವಾಗ ಮಾಡುವ ಮುಖವನ್ನು ನಾನು ಮೂಲೆಯಲ್ಲಿ ಕೂತು ಅಣಕಿಸುವುದನ್ನು ಕಂಡ ಸುಮಾ ಮೇಡಂ, “ನೀವೂ ಒಂದು ಸೂಜಿ ಹಿಡ್ಕೊಳ್ಳಿ, ಬಾಯಿ ಸುಮ್ಮನಿರುತ್ತೆ” ಎಂದು ಬಟ್ಟೆ ಕೊಟ್ಟರು. ಅಲ್ಲಿನ ಪದ್ಧತಿ ಕಂಡು ದೊಡ್ಡವ್ವನಿಗೆ ಆಶ್ಚರ್ಯವೋ ಆಶ್ಚರ್ಯ. ಅಂಗಡಿಯಿಂದ ಹೊಸ ಬಟ್ಟೆ ತರುವುದು, ಚೌಕ ಚೌಕವಾಗಿ ಕತ್ತರಿಸುವುದು, ಮತ್ತೆ ಸೇರಿಸಿ ಹೊಲಿಯುವುದು. “ಚಲೋ ಇದ್ದ ಅರಿವಿ ಕತ್ತರಿಸಿ ಮತ್ತ ಕೂಡಸ್ತಾರಲ್ಲೋ, ಇವರಿಗೆ ಬ್ಯಾರೆ ಕೆಲಸಿಲ್ಲೇನು?” ಎಂದು ನನ್ನ ಕಿವಿಯಲ್ಲಿ ಕೇಳಿದಳು. ಸೀರೆಯಾಗಿ ಹುಟ್ಟಿ, ಲಂಗವಾಗಿ ಬೆಳೆದು, ಹರಿದು ಹಣ್ಣಾದ ಮೇಲಷ್ಟೇ ಬಟ್ಟೆಗೆ ಕೌದಿಯಾಗುವ ಯೋಗ್ಯತೆ ಬರುತ್ತದೆಂದು ನಂಬಿದವಳು ಅವಳು.

ನಾನು ನಾಲ್ಕನೆಯ ಭಾನುವಾರಕ್ಕೆ ಸುಮಾ ಮೇಡಂ ಅವರ ಹೊಲಿಗೆಯನ್ನು ಹಾಗೆಯೇ ನನ್ನ ಬಟ್ಟೆಗೆ ಇಳಿಸಿಬಿಟ್ಟೆ. ಐದನೆಯ ವಾರ ದೊಡ್ಡವ್ವನದನ್ನೂ. ಹೊಲಿಗೆಯೂ ಒಂದು ದನಿಯೇ: ಒಬ್ಬರದು ಉದ್ದಕ್ಕೆ ಎಳೆಯುತ್ತದೆ, ಒಬ್ಬರದು ತಡವರಿಸುತ್ತದೆ, ಒಬ್ಬರದು ಸಾಲಿನ ಕೊನೆಯಲ್ಲಿ ಉಸಿರು ತೆಗೆದುಕೊಳ್ಳುತ್ತದೆ. ಮರಳುವಾಗ ಗಾಡಿಯಲ್ಲಿ ಹೆಮ್ಮೆಯಿಂದ ದೊಡ್ಡವ್ವನ ತೊಡೆಯ ಮೇಲೆ ಬಟ್ಟೆ ಹರವಿದೆ. ಅವಳು ಕನ್ನಡಕವನ್ನೂ ಹಾಕಿಕೊಳ್ಳದೆ ಬೆರಳಾಡಿಸಿದಳು.

“ಇದು ಆ ಸುಮಾಬಾಯೀದು. ಇದು ನಂದು. ಇದರಾಗ ನಿಂದು ಯಾವುದೋ?”

ನಾನು ಬಟ್ಟೆಯನ್ನು ವಾಪಸು ಎಳೆದುಕೊಂಡೆ. ತುರ್ಭೆ ಸ್ಟೇಷನ್ ಬರುವತನಕ ಅದರಲ್ಲಿ ನನ್ನ ಹೊಲಿಗೆ ಹುಡುಕುತ್ತ ಕೂತೆ.

ಅಂದಿನಿಂದ ಈ ‘ಮಾಸ್ಟರ್’ ಎಂಬ ಬಿರುದು ನನ್ನ ತಲೆ ಕೊರೆಯತೊಡಗಿತು. ಹಿಂದೆ ರಾಜರು ಬಿರುದು ಕೊಡುತ್ತಿದ್ದರು, ಜೊತೆಗೆ ಕಾಲಿಗೆ ಒಂದು ಬಳೆಯನ್ನೂ ತೊಡಿಸುತ್ತಿದ್ದರು. ಬಿರುದಾಂಕಿತನು ನಡೆದುಬಂದರೆ ಸದ್ದಿನಿಂದಲೇ ಗೊತ್ತಾಗಬೇಕು. ಈಗ ಬಳೆಯಿಲ್ಲ, ಲ್ಯಾಮಿನೇಶನ್ ಇದೆ. ಠಾಣೆ ಸ್ಟೇಷನ್ನಿನ ಹೊರಗಿರುವ ಉಡುಪಿ ಹೋಟೆಲಿನಲ್ಲಿ ದೋಸೆ ಹುಯ್ಯುವವರನ್ನೂ ಎಲ್ಲರೂ ಮಾಸ್ಟರೆಂದೇ ಕರೆಯುತ್ತಾರೆ. ಅವರಿಗೆ ಆ ಹೆಸರು ಕೊಟ್ಟದ್ದು ಯಾರೆಂದು ಒಮ್ಮೆ ಕೇಳಿದೆ. ಅವರು ಕಾವಲಿಗೆ ನೀರು ಚಿಮುಕಿಸಿ, “ಮೊದಲು ಹುಡುಗ ಅಂತಿದ್ರು, ಆಮೇಲೆ ಭಟ್ರೆ ಅಂದ್ರು. ಒಂದು ದಿನ ಮಾಸ್ಟ್ರೆ ಅಂತ ಕರೆದ್ರು, ನಾನು ತಿರುಗಿ ನೋಡಿದೆ. ಅಷ್ಟೇ” ಎಂದರು. ತಿರುಗಿ ನೋಡುವ ಧೈರ್ಯ ಬಂದ ದಿನವೇ ಬಿರುದು ಬಂದ ದಿನವೋ ಏನೋ. ನನ್ನನ್ನು ಯಾರಾದರೂ ಹಾಗೆ ಕರೆದರೆ, ನನ್ನ ಬೆನ್ನ ಹಿಂದೆ ಯಾರಿದ್ದಾರೆಂದು ನೋಡುತ್ತೇನೆ.

ಪರೀಕ್ಷೆಯ ನಿಯಮಗಳು ಎರಡು ಹಾಳೆ ತುಂಬ ಇದ್ದವು. ಒಂದು ದೊಡ್ಡ ಕ್ವಿಲ್ಟನ್ನು ಪೂರ್ತಿ ಕೈಯಿಂದ ಹೊಲಿಯಬೇಕು. ಮುಂಭಾಗದಷ್ಟೇ ಹಿಂಭಾಗವೂ ಚೊಕ್ಕಟವಾಗಿರಬೇಕು. ಮೂಲೆಗಳು ಸಪಾಟಾಗಿರಬೇಕು. ಬಟ್ಟೆ, ದಾರ ಬಿಟ್ಟು ಒಳಗೆ ಬೇರೇನೂ ಇರಬಾರದು. ಕೃತಿಗೊಂದು ಹೆಸರಿರಬೇಕು, ಜೊತೆಗೆ ಅದರ ಬಗ್ಗೆ ಒಂದು ಟಿಪ್ಪಣಿ.

“ಕೌದಿಗೆ ಹೆಸರ್ಯಾಕೋ? ಅದೇನು ಸಾಲಿ ಕಲಿಯಾಕ ಹೊಂಟೈತೇನು?” ಎಂದಳು ದೊಡ್ಡವ್ವ. ಕೊನೆಗೆ ‘ಹೊದಿಕೆ’ ಎಂದು ಹೆಸರಾಯಿತು. ಟಿಪ್ಪಣಿಯನ್ನು ನಾನು ದೊಡ್ಡ ಕಲಾವಿಮರ್ಶಕರ ದನಿ ಅನುಕರಿಸಿ ಬರೆದೆ. ನೆನಪಿನ ಪದರುಗಳು, ಬಣ್ಣಗಳ ಸಂವಾದ, ಹೀಗೆ. ಓದಿ ಹೇಳಿದಾಗ ದೊಡ್ಡವ್ವ, “ಚಳಿಗೆ ಹೊದಿಯಾಕ ಅಂತ ಎಲ್ಲೂ ಬರದಿಲ್ಲಲ್ಲೋ” ಎಂದಳು. ಅದನ್ನೂ ಸೇರಿಸಿದೆ. ಇಡೀ ಟಿಪ್ಪಣಿಯಲ್ಲಿ ಅರ್ಥವಾಗುವ ವಾಕ್ಯ ಅದೊಂದೇ ಎಂದು ಆಮೇಲೆ ಸುಮಾ ಮೇಡಂ ಹೇಳಿದರು.

ನಿಯಮಗಳನ್ನು ಅವಳಿಗೆ ಓದಿ ಹೇಳಿದವನು ನಾನೇ. ಒಂದು ನಿಯಮಕ್ಕೂ ದೊಡ್ಡವ್ವನ ಒಂದು ಪದ್ಧತಿಗೂ ಡಿಕ್ಕಿಯಾಗುತ್ತದೆಂದು ಮಾತ್ರ ನನಗೆ ಹೊಳೆಯಲಿಲ್ಲ. ಕೌದಿಯ ಕೊನೆಯ ಮೂಲೆಯನ್ನು ಮುಚ್ಚುವ ಮೊದಲು ಅವಳು ಅದರೊಳಗೆ ಚಿಟಿಕೆಯಷ್ಟು ಹೋಳಿಗೆ ಇಡುತ್ತಾಳೆ. ಅವಳ ತಾಯಿಯೂ ಇಡುತ್ತಿದ್ದಳಂತೆ. ಕೌದಿಯ ಹೊಟ್ಟೆ ಖಾಲಿ ಇರಬಾರದು, ಹೊಟ್ಟೆ ತುಂಬಿದ ಕೌದಿ ಹೊದ್ದವರೂ ಹಸಿದು ಮಲಗುವುದಿಲ್ಲ ಎಂಬುದು ಅವರ ಮನೆಯ ನಂಬಿಕೆ. ಎಂದೂ ಚಿಟಿಕೆಯಷ್ಟೇ ಇಡುತ್ತಿದ್ದವಳು ಈ ಸಲ, “ಮಾಸ್ಟರ್ ಆಗೂ ಕೌದಿ, ಜರಾ ಜಾಸ್ತಿ ಉಣ್ಣಲಿ” ಎಂದು ಅಂಗೈಯ ನಡುಭಾಗದಷ್ಟು ತುಂಡು ಇಟ್ಟು ಹೊಲಿದಳು. ತುಪ್ಪವನ್ನೂ ಹಚ್ಚಿದ್ದಳು.

ಪರೀಕ್ಷೆಯೆಂದರೆ ವಾಶಿಯಲ್ಲಿ ಒಂದು ದಿನದ ಪ್ರದರ್ಶನ. ಬಿಳಿ ಗೋಡೆಯ ಮೇಲೆ ಇಪ್ಪತ್ತೆರಡು ಕ್ವಿಲ್ಟುಗಳು. ದೊಡ್ಡವ್ವನ ಇಳಕಲ್ ಸೀರೆಗಳ ಕೌದಿ ಅವುಗಳ ನಡುವೆ ಬೀಗರ ಊಟಕ್ಕೆ ಬಂದ ಹಳ್ಳಿಯ ಹಿರಿಯಳಂತೆ ಕೆಂಪಗೆ, ಗಟ್ಟಿಯಾಗಿ ಕೂತಿತ್ತು. ತೀರ್ಪುಗಾರರಲ್ಲಿ ಹಿರಿಯರು ಉಡುಪಿ ಕಡೆಯ ಒಬ್ಬರು ಅಮ್ಮ. ಕನ್ನಡಕ ಮೂಗಿನ ತುದಿಯಲ್ಲಿ, ಬೆರಳು ಬಟ್ಟೆಯ ಮೇಲೆ. ಹೊಲಿಗೆಗೆ ತಲೆದೂಗಿದರು. ಹಿಂಭಾಗ ನೋಡಿ ಮತ್ತೆ ತಲೆದೂಗಿದರು. ಕೊನೆಯ ಮೂಲೆಗೆ ಬಂದದ್ದೇ ಬೆರಳು ನಿಂತಿತು.

“ಇದೆಂತದು ಮಾರಾಯ್ರೆ, ಗಂಟು?”

ಗಂಟಿನ ಕತೆಯನ್ನು ಅವರಿಗೆ ನಾನು ಹೇಳಬೇಕಾಗಲಿಲ್ಲ. ನೆಲದಿಂದ ಹೊರಟು, ಬಿಳಿ ಗೋಡೆ ಹತ್ತಿ, ಆ ಮೂಲೆಯೊಳಗೆ ಹೋಗುತ್ತಿದ್ದ ಇರುವೆಗಳ ಸಾಲೇ ಹೇಳಿತು. ಸುಮಾ ಮೇಡಂ ಮುಖ ಪೆಚ್ಚಾಯಿತು. ತೀರ್ಪುಗಾರರು ತಮ್ಮತಮ್ಮಲ್ಲೇ ಪಿಸುಗುಟ್ಟಿಕೊಂಡರು. ಆಮೇಲೆ ಆ ಹಿರಿಯಮ್ಮ ಮೆತ್ತಗೆ ಹೇಳಿದರು: “ಕೆಲಸ ಚಂದ ಉಂಟು ಅಮ್ಮ. ಆದ್ರೆ ರೂಲು ರೂಲೇ. ಇದನ್ನು ತೆಗೆದು, ನಮ್ಮ ಎದುರೇ ಪುನಃ ಹೊಲಿದು ಕೊಡ್ತೀರಾ? ಅರ್ಧ ಗಂಟೆ ಕೊಡುವ. ಇಲ್ದಿದ್ರೆ ಮಾಸ್ಟರ್ ಕೊಡ್ಲಿಕ್ಕೆ ಆಗುದಿಲ್ಲ.”

“ಹಸದ ಕೌದಿ ನಾ ಯಾರಿಗೂ ಹೊದಿಸಿಲ್ರಿ” ಎಂದಳು ದೊಡ್ಡವ್ವ.

ಅವಳ ಕೈ ಆಗಲೇ ಕೌದಿಯನ್ನು ಗೋಡೆಯಿಂದ ಇಳಿಸುತ್ತಿತ್ತು. ಮಡಚಿ ಮನೆಗೆ ಹೊರಡುತ್ತಾಳೆ ಎಂದುಕೊಂಡೆ. ನನಗೆ ಮನೆಯ ಗೋಡೆಯ ಮೇಲಿನ ಆ ಖಾಲಿ ಮೊಳೆ ನೆನಪಾಯಿತು. ಅದರ ಕೆಳಗೆ ಕೂತು ಆರು ತಿಂಗಳು ಊಟ ಮಾಡಿದ್ದೆವು.

ದೊಡ್ಡವ್ವ ಕೌದಿಯನ್ನು ನೆಲದ ಮೇಲೆ ಹಾಸಿ, ಅದರ ಪಕ್ಕ ಕೂತು, ಆ ಮೂಲೆಯನ್ನು ಒಂದೆರಡು ಸಲ ಸವರಿದಳು. ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ.

“ಇದು ಎಷ್ಟೊತ್ತಿನ ತನಕ ಐತ್ರಿ?”

“ಸಂಜೆ ಆರಕ್ಕೆ ಮುಗೀತದೆ.”

“ಹಂಗಾದ್ರ ಅಡ್ಡಿಲ್ಲ” ಎಂದು ಅವಳು ಕತ್ತರಿ ಕೇಳಿದಳು. “ಇವತ್ತೊಂದಿನ ಏಕಾದಶಿ ಅಂತ ತಿಳಕೋತೈತಿ.”

ಆ ಹಿರಿಯಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. “ಪಾರಣೆ ಯಾವಾಗ ಮಾರಾಯ್ರೆ?”

“ನಾಳೆ ಮುಂಜಾನೆ, ಮನ್ಯಾಗ. ನೀವೂ ಬರ್ರಿ.”

ನಾಲ್ಕು ಹೊಲಿಗೆ ಬಿಚ್ಚಿ, ಹೋಳಿಗೆ ತೆಗೆದು, ಇರುವೆ ಕೊಡವಿ ಅದನ್ನು ನನ್ನ ಅಂಗೈಯಲ್ಲಿಟ್ಟಳು. ಮತ್ತೆ ಹೊಲಿದಳು. ಮೂವರು ತೀರ್ಪುಗಾರರು ಬಗ್ಗಿ ನೋಡುತ್ತಿದ್ದರೂ ಕೈ ಅವಸರಪಡಲಿಲ್ಲ. ಮುಗಿದ ಮೇಲೆ ಬಿಚ್ಚಿದ ಜಾಗ ಯಾವುದೆಂದು ಅವರಿಗೆ ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ. ಅಂಗೈಯಲ್ಲಿದ್ದ ಸಾಕ್ಷ್ಯವನ್ನು ಏನು ಮಾಡಬೇಕೆಂದು ತೋಚದೆ ನಾನು ತಿಂದುಬಿಟ್ಟಿದ್ದೆ.

ಮರುದಿನ ಬೆಳಿಗ್ಗೆ ಹೊಸ ಹೋಳಿಗೆಯಿಂದ ಕೌದಿಯ ಪಾರಣೆಯಾಯಿತು. ಆಮೇಲೆ ದೊಡ್ಡಪ್ಪ ಸರ್ಟಿಫಿಕೇಟನ್ನು ಮೊಳೆಗೆ ಹಾಕಿದರು. ದೊಡ್ಡವ್ವ ಅದರಲ್ಲಿನ ತನ್ನ ಹೆಸರನ್ನು ನನ್ನಿಂದ ಎರಡು ಸಲ ಓದಿಸಿದಳು. ಅಂದೇ ಮಧ್ಯಾಹ್ನ, ತಾನು ಹೊಲಿದುಕೊಟ್ಟಿದ್ದ ನನ್ನ ಹಳೆಯ ಕೌದಿಯನ್ನು ಮೇಲಿನಿಂದ ತರಿಸಿ, ಒಂದು ಸೊಟ್ಟ ಸಾಲು ಬಿಚ್ಚತೊಡಗಿದಳು. ಯಾಕೆಂದು ಕೇಳಿದರೆ, “ಇಷ್ಟು ವರ್ಸ ಇದು ಕಣ್ಣಿಗೆ ಚುಚ್ಚತಿತ್ತು. ಇನ್ನ ಬಿಡಾಕಾಗಂಗಿಲ್ಲ” ಎಂದಳು. ಬಿರುದು ಬಂದ ಮೇಲೆ ಆರಾಮವಾಗಿ ಕೂರಬಹುದೆಂದು ನಾನು ತಿಳಿದಿದ್ದೆ. ನೋಡಿದರೆ ಅದು ಕೂತವರನ್ನು ಎಬ್ಬಿಸುವ ಸಂಗತಿ.

ನನ್ನ ಕತೆಗೂ ಒಂದು ಮೂಲೆ ಮುಚ್ಚುವುದು ಬಾಕಿ ಇದೆ. ಇಂಟರ್‌ವ್ಯೂಗಳಿಗೆ ಹಾಕಿಕೊಂಡು ಹೋಗಿ ಫೇಲಾದ ಅಂಗಿಗಳನ್ನೆಲ್ಲ ಕೂಡಿಸಿ ನಾನೂ ಒಂದು ಕೌದಿ ಶುರುಮಾಡಿದ್ದೆ. ಮೂರು ತಿಂಗಳಾದ ಮೇಲೆ ಅದು ಒಂದು ಮೊಣಕಾಲನ್ನು ಧಾರಾಳವಾಗಿ ಮುಚ್ಚುವಷ್ಟಾಯಿತು. ಯಾರನ್ನೂ ಅನುಕರಿಸದೆ ಹೊಲಿಯಲು ಹೋಗಿ ಸಾಲುಗಳು ಸಂಜೆಯ ಹೊತ್ತು ಡೊಂಬಿವಲಿ ಸ್ಟೇಷನ್ನಿನ ಸೇತುವೆ ಇಳಿಯುವ ಜನರಂತೆ ದಿಕ್ಕಾಪಾಲಾಗಿದ್ದವು. ದೊಡ್ಡವ್ವ ಬೆರಳಾಡಿಸಿದಳು. ಒಮ್ಮೆ, ಇನ್ನೊಮ್ಮೆ.

“ಇದು ಆ ಬಾಯೀದಲ್ಲ. ನಂದಲ್ಲ. ಇಷ್ಟು ಸೊಟ್ಟ ಹೊಲಿಯೋರು ನನಗ ಗೊತ್ತಿದ್ದವರಾಗ ಯಾರೂ ಇಲ್ಲ” ಎಂದಳು.

ನಾನು ನಗಿಸಲು ಏನಾದರೂ ಹೇಳುವುದರೊಳಗೆ ಎದ್ದು ಅಡುಗೆಮನೆಗೆ ಹೋದಳು. ಬರುವಾಗ ಬೆರಳ ತುದಿಯಲ್ಲಿ ಚಿಟಿಕೆ ಹೋಳಿಗೆಯಿತ್ತು. ಅದನ್ನು ನನ್ನ ಕೌದಿಯ ತೆರೆದ ಮೂಲೆಯೊಳಗೆ ತುರುಕಿ, ಸೂಜಿಯನ್ನು ನನ್ನ ಕೈಗೆ ಕೊಟ್ಟು, ಬೇಳೆ ಸೀಯುತ್ತಿದೆ ಎಂದು ಗೊಣಗುತ್ತ ಮತ್ತೆ ಒಳಗೆ ಹೋದಳು. ಸಮಾರಂಭ ಅಷ್ಟೇ. ಮೊಳೆಯೂ ಬೇಕಾಗಲಿಲ್ಲ.

ಮರುದಿನ ಬೆಳಿಗ್ಗೆ ನೋಡುತ್ತೇನೆ, ಕಿಟಕಿಯಿಂದ ನನ್ನ ಕೌದಿಯವರೆಗೆ ಇರುವೆಗಳು ಪರೀಕ್ಷೆಗೆ ಬಂದಿದ್ದವು. ಅವುಗಳ ಸಾಲು ನನ್ನ ಹೊಲಿಗೆಗಿಂತ ಎಷ್ಟೋ ನೆಟ್ಟಗಿತ್ತು.