ನಡುನೀರಿನ ಆನೆ

ಬೆಳಗ್ಗೆ ಒಂಬತ್ತು ಇಪ್ಪತ್ತಕ್ಕೆ ಆನೆ ಕೆರೆಗಿಳಿಯಿತು. ಆಗ ಚಿಕ್ಕಪ್ಪನಿಗೆ ಮಾಡಿದ ಕರೆಗಳು ನನ್ನ ಫೋನಿನಲ್ಲಿ ಇನ್ನೂ ಇವೆ. ಒಂದನ್ನೂ ಅವರು ಎತ್ತಲಿಲ್ಲ.

ಪುರವರದ ಹತ್ತಿರದ ನಮ್ಮೂರ ಕೆರೆ ಆ ವರ್ಷ ಕೋಡಿ ಬಿದ್ದಿತ್ತು. ಊರಿನ ಪರವಾಗಿ ಬಾಗಿನ ಬಿಡುವ ಸರದಿ ನಮ್ಮ ಮನೆಯದು. ದಡದಲ್ಲೇ ಬಿಟ್ಟು ಬರಬಹುದಿತ್ತು, ಆದರೆ ಅಮ್ಮನಿಗೆ ನಡುನೀರೇ ಆಗಬೇಕು. ಮೀನು ಹಿಡಿಯುವವನೊಬ್ಬನ ಹರಿಗೋಲಿನಲ್ಲಿ ನಾವಿಬ್ಬರೂ ಹೊರಟೆವು. ಇಬ್ಬರಿಗೂ ಈಜು ಬಾರದು. ಕೆರೆ ಒಣಗಿದ್ದ ಕಾಲದಲ್ಲಿ ಬೆಳೆದವಳು ನಾನು, ಅದರ ಅಂಗಳದಲ್ಲಿ ಸೈಕಲ್ ಕಲಿತವಳು.

ಅಮ್ಮ ಮೊರವನ್ನು ನೀರಿಗೆ ಬಿಡುವಷ್ಟರಲ್ಲಿ ಏರಿಯ ಮೂಲೆಯ ಬಳ್ಳಾರಿ ಜಾಲಿಯ ಪೊದೆಯೊಳಗಿಂದ ಒಂಟಿ ಆನೆ ಬಂದು ನೀರು ಕುಡಿಯತೊಡಗಿತು. ಕಡಲೆಕಾಯಿ ಹೊಲಕ್ಕೆ ಹಂದಿಯೋ ಕರಡಿಯೋ ಬಂದರೆ ನಮ್ಮ ಕಡೆ ಡಬ್ಬ ಬಡಿಯುತ್ತಾರೆ. ಅವು ಸದ್ದಿಗೆ ಬೆನ್ನು ಹಾಕಿ ಓಡುತ್ತವೆ. ಏರಿಯ ಮೇಲಿದ್ದವರು ಅದನ್ನೇ ಮಾಡಿದರು. ಪೂಜೆಗೆ ತಂದ ತಮಟೆ, ತಟ್ಟೆ, ಪಾತ್ರೆ ಎಲ್ಲವನ್ನೂ ಬಡಿದರು. ಆನೆಯೂ ಸದ್ದಿಗೆ ಬೆನ್ನು ಹಾಕಿತು. ಅದರ ಎದುರಿಗಿದ್ದದ್ದು ನೀರು, ನೀರಿನ ನಡುವೆ ನಾವು.

ಮೊದಲು ತಲೆ ಕಾಣುತ್ತಿತ್ತು, ಆಮೇಲೆ ಸೊಂಡಿಲ ತುದಿ ಮಾತ್ರ. ಮಿಕ್ಕ ದೇಹ ನೀರಿನಡಿ ಎಲ್ಲಿದೆಯೆಂದು ತಿಳಿಯದು. ಹುಟ್ಟು ಹಾಕುವವನು ಒಂದೇ ಬದಿಗೆ ಎಳೆದೆಳೆದು ಹರಿಗೋಲು ಇದ್ದಲ್ಲೇ ಸುತ್ತತೊಡಗಿತು. ಒಮ್ಮೆ ಏರಿ ಕಾಣುವುದು, ಒಮ್ಮೆ ಆನೆ. ಏರಿಯ ಮೇಲೆ ಚಿಕ್ಕಪ್ಪ ತಲೆಗಿಂತ ಎತ್ತರಕ್ಕೆ ಸ್ಟೀಲ್ ತಟ್ಟೆ ಹಿಡಿದು ಬಡಿಯುತ್ತಿದ್ದರು. ನಿಲ್ಲಿಸಿ ಎಂದು ಹೇಳಲು ಫೋನು ಮಾಡಿದೆ, ಕೈ ಬೀಸಿದೆ. ಕಾಪಾಡಿ ಅನ್ನುತ್ತಿದ್ದೇನೆ ಎಂದುಕೊಂಡು ಇನ್ನೂ ಜೋರಾಗಿ ಬಡಿದರು.

ಆನೆ ನಮ್ಮ ಪಕ್ಕದಲ್ಲೇ ಎದ್ದಿತು. ಕೊಳೆತ ಸೊಪ್ಪಿನ ವಾಸನೆಯ ಉಸಿರು ಮುಖಕ್ಕೆ ಬಡಿಯಿತು. ನೀರುಬ್ಬಿ ಹರಿಗೋಲು ವಾಲಿ, ಅಮ್ಮ ಜಾರಿಬಿದ್ದಳು. ಅವಳ ಸೆರಗಷ್ಟೇ ನನ್ನ ಕೈಯಲ್ಲಿತ್ತು.

"ಬುಡಬ್ಯಾಡ ಕಣಮ್ಮ, ಸೀರೆ ಬುಡಬ್ಯಾಡ," ಎಂದು ಹರಿಗೋಲಿನವನು ಅಳುದನಿಯಲ್ಲಿ ಹೇಳುತ್ತಲೇ ಇದ್ದ.

ಆನೆ ನಮ್ಮತ್ತ ನೋಡಲೂ ಇಲ್ಲ. ದಾಟಿ ಆಚೆ ದಡ ಹತ್ತಿ ಹೋಯಿತು. ಅಷ್ಟರಲ್ಲಿ ನಾನೂ ಹರಿಗೋಲಿನವನೂ ಅಮ್ಮನ ಕೂದಲು ಹಿಡಿದು ಮೇಲೆಳೆದುಕೊಂಡೆವು. ಎಷ್ಟೋ ಹೊತ್ತಿನ ಮೇಲೆ ಕೆಮ್ಮಿದಳು.

ತಾವು ಬಡಿಯದಿದ್ದರೆ ನಾವು ಉಳಿಯುತ್ತಿರಲಿಲ್ಲ ಎಂದು ಚಿಕ್ಕಪ್ಪ ಮಧುಗಿರಿಯ ನೆಂಟರಿಗೆಲ್ಲ ಹೇಳಿಕೊಂಡು ಬಂದರು. ಒಮ್ಮೆ ನಾನು ಬಾಯಿ ತೆರೆದೆ. ಅಮ್ಮ ತಡೆದಳು. "ಸುಮ್ಕಿರೇ. ನಮ್ಮ ಜೀವಕ್ಕೇ ಅಂತ ತಾನೆ ಬಡ್ದಿದ್ದು."

ಆನೆ ಇನ್ನೂ ಸುತ್ತಮುತ್ತಲೇ ಇತ್ತು. ಇವತ್ತು ಇಲ್ಲಿ ಕಂಡಿತು, ನಿನ್ನೆ ಅಲ್ಲಿ ಎನ್ನುತ್ತಿದ್ದರು. ಕಣ್ಣು ಮುಚ್ಚಿದರೆ ನೀರಿನ ಮೇಲೆ ಸೊಂಡಿಲ ತುದಿ, ಕೈಯಲ್ಲಿ ಜಾರುವ ಸೀರೆ. ಬೆಚ್ಚಿ ಎದ್ದು ಅಮ್ಮನ ಉಸಿರು ಮುಟ್ಟಿ ನೋಡುತ್ತಿದ್ದೆ.

ಚಳಿ ಶುರುವಾದ ಮೇಲೆ, ಸಿದ್ದರಬೆಟ್ಟದ ಆಚೆ ಯಾರೋ ಹೊಲದ ಸುತ್ತ ಎಳೆದಿದ್ದ ಕರೆಂಟು ತಂತಿ ತಗುಲಿ ಅದು ಸತ್ತಿತೆಂದು ಸುದ್ದಿ ಬಂತು. ಚಿಕ್ಕಪ್ಪನೇ ಫೋನಿನಲ್ಲಿ ಫೋಟೊ ತೋರಿಸಿದರು. ಅಮ್ಮ ಆ ದಿನ ಊಟ ಮಾಡಲಿಲ್ಲ. ನಾನು ಮಾಡಿದೆ, ಮಲಗಿದೆ. ಬೆಳಗಾಗುವವರೆಗೆ ಒಮ್ಮೆಯೂ ಎಚ್ಚರವಾಗಲಿಲ್ಲ.