ಹಳೇ ಅಂಗಳದಲ್ಲಿ ಹಡಗು, ಹೊಸ ಅಂಗಳದಲ್ಲಿ ಡ್ರಮ್ಮು

ಕಾಟಿಪಳ್ಳದ ನನ್ನ ತಂಗಿ ಗಿರಿಜೆಗೆ ಬುದ್ಧಿ ಕೆಟ್ಟಿಲ್ಲ, ಅವಳು ಮನೆಯನ್ನೂ ಕೆಡಿಸಿಲ್ಲ. ಒಂದು ಒಲೆ ಹಾಕಿಸಿಕೊಂಡಿದ್ದಾಳೆ. ನಡೆದದ್ದು ಅಷ್ಟೇ. ನಾನು ಹೋಗಿ ನೋಡಿ ಬಂದು ಹೇಳುತ್ತಿದ್ದೇನೆ, ಜಗಲಿಯಲ್ಲಿ ಕೂತು ಮಾತಾಡಿದವರ ಹಾಗೆ ಅಲ್ಲ.

ಎಣ್ಣೆಯ ದೇಶಗಳಲ್ಲಿ ಯುದ್ಧ ಹತ್ತಿದ ವರ್ಷ ಅದು. ಜೆಪ್ಪುವಿನ ನಮ್ಮ ರೇಷನ್ ಅಂಗಡಿಯಲ್ಲಿ ಸೀಮೆಎಣ್ಣೆಗೆ ಕ್ಯಾನುಗಳನ್ನು ಸಾಲಿನಲ್ಲಿ ಇಟ್ಟು ಜನ ಮನೆಗೆ ಹೋಗಿ ಉಂಡು ಬರುತ್ತಿದ್ದರು. ಗಿರಿಜೆಯ ಮಗ ಸುಂದರ ಆಗ ಮನೆಯ ಹಿಂದೆ ಗೋಬರ್ ಗ್ಯಾಸಿನ ಗುಂಡಿ ತೋಡಿಸಿದ. ದನದ ಸಗಣಿ ಸಾಲುವುದಿಲ್ಲ ಅಂತ ಕಕ್ಕಸಿನ ಪೈಪನ್ನೂ ಅದಕ್ಕೇ ಸೇರಿಸಿದ. ಸುದ್ದಿ ಕುಟುಂಬಕ್ಕೆಲ್ಲ ಹೋಯಿತು. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು ಕುದ್ರೋಳಿಯ ಲಚ್ಚಕ್ಕ, ನನ್ನ ದೊಡ್ಡಮ್ಮನ ಮಗಳು. "ಆ ಬೆಂಕಿಯಲ್ಲಿ ಬೇಯಿಸಿದ್ದನ್ನು ನಾನು ಮುಟ್ಟುವುದಿಲ್ಲ" ಅಂದುಬಿಟ್ಟರು. ಸುಂದರನ ಮಗಳು ಶಕುಂತಳೆಯ ಮದುವೆ ನಿಶ್ಚಯ ಹತ್ತಿರ ಬಂದಿತ್ತು. ಲಚ್ಚಕ್ಕ ಬಾರದಿದ್ದರೆ ಅರ್ಧ ಕುಟುಂಬ ಬರುವುದಿಲ್ಲ. ಗಂಡಿನ ಕಡೆಯವರು ಯಾಕೆ ಅಂತ ಕೇಳದೆ ಇರುತ್ತಾರಾ?

"ಅಕ್ಕ, ನೀನು ಬಂದು ನೋಡು. ನೀನು ಬೇಡ ಅಂದರೆ ಗುಂಡಿ ಮುಚ್ಚಿಸ್ತೇನೆ" ಅಂತ ಗಿರಿಜೆ ಹೇಳಿ ಕಳಿಸಿದಳು. ಹೊರಟೆ.

ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾದು ಕಾದು ಕಾಲು ಮರಗಟ್ಟಿತು. ಡೀಸೆಲ್ ಇಲ್ಲ, ಒಂದು ಟ್ರಿಪ್ಪು ಕಟ್ ಅಂದ ಕಂಡಕ್ಟರ್. ಟಿಕೆಟ್ಟಿಗೆ ಹೋದ ಸಲಕ್ಕಿಂತ ಹತ್ತು ಪೈಸೆ ಜಾಸ್ತಿ. ಎರಡು ಬಸ್ಸಿನ ಜನ ಒಂದರಲ್ಲಿ. ನನ್ನ ಎದುರಿನ ಸೀಟಿನಲ್ಲಿ ಇಬ್ಬರಿಗೆ ಜಗಳ.

"ಬೊಂಬಾಯಿ ಸಮುದ್ರದಲ್ಲಿ ನಮ್ಮದೇ ಎಣ್ಣೆ ಉಂಟು ಮಾರಾಯ, ಇನ್ನು ಹತ್ತು ವರ್ಷದಲ್ಲಿ ಯಾರ ಹಂಗೂ ಬೇಡ."

"ಅಲ್ಲಿವರೆಗೆ ಎಂತ ಮಾಡುವುದು? ಬಸ್ಸು ನೂಕುವುದಾ?"

"ಸಗಣಿ ಹಾಕಿ ಓಡಿಸು."

ಬಸ್ಸಿಡೀ ನಕ್ಕಿತು. ನಾನು ನಗಲಿಲ್ಲ. ನಾನು ಹೊರಟದ್ದೇ ಆ ಸಗಣಿಯ ಕೆಲಸಕ್ಕೆ.

ಕೂಳೂರಿನ ಹೊಳೆಯ ಸಂಕ ದಾಟಿ ಪಣಂಬೂರಿನಲ್ಲಿ ಇಳಿದೆ. ಸುಂದರ ಕಾದಿದ್ದ. ಅವನಿಗೆ ಹೊಸ ಬಂದರಿನಲ್ಲೇ ಕೆಲಸ, ನನಗೊಂದು ಪಾಸು ಮಾಡಿಸಿ ಇಟ್ಟಿದ್ದ. "ದೊಡ್ಡಮ್ಮ, ಮನೆಗೆ ಹೋಗುವ ಮೊದಲು ಒಂದು ತೋರಿಸ್ತೇನೆ, ಬನ್ನಿ" ಅಂದ.

ಬಿಸಿಲಿಗೆ ಸೆರಗು ತಲೆಗೆ ಹಾಕಿ ನಡೆದೆ. ಮೊದಲು ಅದು ಗೋಡೆ ಅಂದುಕೊಂಡೆ. ಗೋಡೆಯಲ್ಲ, ಹಡಗು. ಕತ್ತು ಎತ್ತಿದೆ, ಮುಗಿಯಲಿಲ್ಲ. ತಲೆ ತಿರುಗಿಸಿದೆ, ಆ ಕಡೆಯೂ ಮುಗಿಯಲಿಲ್ಲ. ನಮ್ಮ ಬೀದಿಯ ಮನೆಗಳನ್ನೆಲ್ಲ ಒಳಗೆ ಇಟ್ಟು ಬಾಗಿಲು ಹಾಕಬಹುದಿತ್ತು. ಅದರ ಹೊಟ್ಟೆಯಿಂದ ತೆಂಗಿನ ಮರದಷ್ಟು ದಪ್ಪದ ಪೈಪು ದಡಕ್ಕೆ ಬಂದಿತ್ತು. ಕಿವಿ ಹತ್ತಿರ ತಂದರೆ ಒಳಗೆ ಎಣ್ಣೆ ಓಡುವ ಶಬ್ದ.

"ಕೆಳಗೆ ಕೆಂಪು ಬಣ್ಣ ಕಾಣ್ತದಲ್ಲ, ಬೆಳಿಗ್ಗೆ ಅದು ನೀರಿನ ಒಳಗೆ ಇತ್ತು" ಅಂದ ಸುಂದರ. "ಎಣ್ಣೆ ಖಾಲಿಯಾದ ಹಾಗೆ ಹಡಗು ಮೇಲೆ ಏಳ್ತದೆ."

ಅಷ್ಟು ದೊಡ್ಡದು, ಯಾರೂ ಎತ್ತದೆ, ಸದ್ದಿಲ್ಲದೆ ಏಳುತ್ತಿತ್ತು.

"ನಮ್ಮ ಬಾವಿ ಇದ್ದದ್ದು ಹಡಗಿನ ಮೂತಿ ಉಂಟಲ್ಲ, ಅದರ ಅಡಿಯಲ್ಲಿ" ಅಂದ ಅವನು.

ಆಗ ತಿಳಿಯಿತು ನಾನು ಎಲ್ಲಿ ನಿಂತಿದ್ದೇನೆ ಅಂತ. ಬಂದರಿಗೆ ಜಾಗ ಹೋಗುವ ಮೊದಲು ಗಿರಿಜೆಯ ಮನೆ ಇದ್ದದ್ದು ಇಲ್ಲೇ. ನೆಲ ತೋಡಿ ಸಮುದ್ರವನ್ನು ಒಳಗೆ ತಂದಿದ್ದಾರೆ. ಇದೇ ಸುಂದರ ಹುಟ್ಟಿದಾಗ ಬಾಣಂತನಕ್ಕೆ ನಾನು ಆ ಬಾವಿಯಿಂದ ನೀರು ಸೇದಿದ್ದೆ. ಈಗ ಅದರ ಮೇಲೆ ಅರಬರ ಎಣ್ಣೆ ತೇಲುತ್ತಿದೆ.

"ಅವರು ಕೊಡುವುದಿಲ್ಲ ಅಂದರೆ?" ಕೇಳಿದೆ.

"ಆಗ ಹಡಗು ಬರುವುದಿಲ್ಲ ದೊಡ್ಡಮ್ಮ."

"ಮತ್ತೆ?"

"ಮತ್ತೆ ಎಂತ, ನಿಮ್ಮ ಕ್ಯಾನು ಸಾಲಿನಲ್ಲೇ ಬಾಕಿ."

ಸುರತ್ಕಲ್ ದಾರಿಯಾಗಿ ಕಾಟಿಪಳ್ಳ ತಲುಪುವಾಗ ಮಧ್ಯಾಹ್ನ ದಾಟಿತ್ತು. ಗಿರಿಜೆ ನೀರು, ಬೆಲ್ಲ ಕೊಟ್ಟಳು, ಮುಖ ನೋಡಲಿಲ್ಲ. ನಾನು ಕೂರದೆ ನೇರ ಹಿತ್ತಲಿಗೆ ಹೋದೆ. ಗುಂಡಿಯ ಮೇಲೆ ಕವುಚಿ ಇಟ್ಟ ದೊಡ್ಡ ಕಬ್ಬಿಣದ ಡ್ರಮ್ಮು. ಒಂದು ಪೈಪು ಕೊಟ್ಟಿಗೆಯ ಕಡೆಯಿಂದ, ಇನ್ನೊಂದು ನನಗೆ ಗೊತ್ತಿದ್ದ ಕಡೆಯಿಂದ.

"ಗ್ಯಾಸು ತುಂಬಿದ ಹಾಗೆ ಡ್ರಮ್ಮು ಮೇಲೆ ಏಳ್ತದೆ" ಅಂದ ಸುಂದರ.

ಕೈ ಇಟ್ಟೆ. ಬೆಚ್ಚಗಿತ್ತು. ಅಲ್ಲಿ ಖಾಲಿಯಾದ ಹಾಗೆ ಏಳುವ ಹಡಗು, ಇಲ್ಲಿ ತುಂಬಿದ ಹಾಗೆ ಏಳುವ ಡ್ರಮ್ಮು. ಇದಕ್ಕೆ ಯಾರ ಸಮುದ್ರವೂ ಬೇಡ.

ಅಡುಗೆಮನೆಯಲ್ಲಿ ಶಕುಂತಳೆ ತಿರುಪು ತಿರುಗಿಸಿ ಕಡ್ಡಿ ಗೀರಿದಳು. ಭುಸ್ ಅಂತ ನೀಲಿ ಬೆಂಕಿ. ಊದಲಿಲ್ಲ, ಹೊಗೆ ಇಲ್ಲ, ಪಾತ್ರೆಗೆ ಮಸಿ ಇಲ್ಲ. ಮದುವೆಯಾದಂದಿನಿಂದ ಒಲೆ ಊದಿದ ಬಾಯಿ ನನ್ನದು. ಕೈ ಮುಗಿಯುವ ಅನ್ನಿಸಿತು. ಮುಗಿಯಲಿಲ್ಲ, ಸುಂದರ ನಗುತ್ತಾನೆ. ಬಗ್ಗಿ ಮೂಸಿ ನೋಡಿದೆ. ಸೀಮೆಎಣ್ಣೆಯ ಸ್ಟವ್ವಿನಷ್ಟೂ ನಾರುವುದಿಲ್ಲ.

"ನಿಶ್ಚಯದ ಅಡುಗೆ ಇದರಲ್ಲಾಗ್ತದಾ?"

"ಎಲ್ಲಿ ಆಗುವುದು" ಅಂದಳು ಗಿರಿಜೆ. "ಕುಚ್ಚಲಕ್ಕಿ ಬೇಯುವ ಮೊದಲೇ ಗ್ಯಾಸು ಮುಗೀತದೆ. ಅನ್ನ, ಸಾಂಬಾರು ಎಲ್ಲ ಹಿತ್ತಲಿನಲ್ಲಿ ಸೌದೆಯ ಮೇಲೆ."

"ಅದನ್ನು ಲಚ್ಚಕ್ಕನಿಗೆ ಹೇಳಿದ್ದರೆ ಆಗ್ತಿತ್ತಲ್ಲ, ಮಾರಾಯ್ತಿ!"

"ಹೇಳಿದರೆ ನಾನು ಅಸಹ್ಯ ಮಾಡಿದ್ದೇನೆ ಅಂತ ಒಪ್ಪಿದ ಹಾಗೆ. ಪಾಯಸ ಇದರಲ್ಲೇ ಮಾಡುವುದು."

ನನ್ನ ತಂಗಿಯೇ ಹೌದು. ಸಗಣಿ ಸಾರಿಸಿದ ಅಂಗಳದಲ್ಲಿ ಎಲೆ ಹಾಕಿ ಉಂಡವರು ನಾವು, ಸಗಣಿಯದ್ದು ದೊಡ್ಡ ಮಾತಲ್ಲ. ಇನ್ನೊಂದರದ್ದೇ ಮಾತು. ಆದರೆ ತೆಂಗಿನ ಬುಡಕ್ಕೆ ಎಂತ ಹಾಕುತ್ತೇವೆ, ಆ ಕಾಯಿಯನ್ನು ದೇವರಿಗೆ ಒಡೆಯುವುದಿಲ್ಲವಾ? ಮಣೆ ಎಳೆದು ಕೂತೆ. "ಬಡಿಸು" ಅಂದೆ. ಬಂಗುಡೆ ಮೀನಿನ ಸಾರು ಆ ಬೆಂಕಿಯದ್ದು, ಖಾರ ಸರಿ ಇತ್ತು. ಎರಡು ಸಲ ಹಾಕಿಸಿಕೊಂಡೆ. ಗಿರಿಜೆ ಬಾಗಿಲಿನ ಹಿಂದೆ ಹೋಗಿ ಕಣ್ಣು ಒರೆಸಿಕೊಂಡಳು. ನಾನು ನೋಡದ ಹಾಗೆ ಮಾಡಿದೆ.

ಸಂಜೆಯ ಬಸ್ಸಿಗೆ ಹೊರಡುವಾಗ ಅದೇ ಒಲೆಯಲ್ಲಿ ಮಾಡಿದ ಎಳ್ಳುಂಡೆಯನ್ನು ಸ್ಟೀಲಿನ ಡಬ್ಬದಲ್ಲಿ ಹಾಕಿ ಕೊಡಿಸಿಕೊಂಡೆ. ಪಣಂಬೂರು ದಾಟುವಾಗ ಹಡಗಿನ ದೀಪಗಳು ಕಂಡವು. ಇನ್ನಷ್ಟು ಮೇಲೆ ಎದ್ದಿತ್ತು.

ಮರುದಿನ ಬೆಳಿಗ್ಗೆ ಕುದ್ರೋಳಿಗೆ ಹೋದೆ. ಲಚ್ಚಕ್ಕ ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತಿದ್ದರು. ಡಬ್ಬ ಎದುರಿಗೆ ಇಟ್ಟೆ.

"ಇದು ಆ ಗ್ಯಾಸಿನದ್ದು. ಹೇಳಿಯೇ ಕೊಡುತ್ತಿದ್ದೇನೆ. ನಾನು ನಿನ್ನೆ ಅಲ್ಲಿ ಉಂಡಿದ್ದೇನೆ, ನೋಡಿ, ಕೂತಿದ್ದೇನೆ."

"ನನಗೆ ಬೇಡ. ತೆಗೆದುಕೊಂಡು ಹೋಗು."

"ಡಬ್ಬ ಗಿರಿಜೆಯದ್ದು. ಖಾಲಿ ಡಬ್ಬ ವಾಪಸು ಕೊಡುವ ಕ್ರಮ ನಮ್ಮಲ್ಲಿಲ್ಲ. ಎಂತಾದರೂ ಹಾಕಿ ನಿಶ್ಚಯದ ದಿನ ನೀವೇ ಕೊಡಿ."

ಮೆಟ್ಟಿಲು ಇಳಿದೆ. ಗೇಟಿನ ಹತ್ತಿರ ಹೋಗುವಾಗ ಮುಚ್ಚಳದ ಶಬ್ದ ಕೇಳಿತು. ನಾನು ತಿರುಗಲಿಲ್ಲ, ಚಪ್ಪಲಿ ಸರಿ ಮಾಡಿಕೊಳ್ಳುವ ಹಾಗೆ ಬಗ್ಗಿ ನಿಂತೆ.

"ಬೆಲ್ಲ ಕಡಿಮೆ ಆಗಿದೆ, ಅವಳಿಗೆ ಹೇಳು!" ಅಂತ ಲಚ್ಚಕ್ಕ ಜಗಲಿಯಿಂದ ಕೂಗಿದರು.

"ನೀವೇ ಹೋಗಿ ಹೇಳಿ" ಅಂದು ಬಸ್ಸಿಗೆ ನಡೆದೆ.