ಬೇರೆ ಸ್ಕೂಟರ್ ಹತ್ತಿದ ಅಮ್ಮ

ಅಮ್ಮನಿಗೆ ಮರೆವು ಶುರುವಾದ ಮೇಲೆ ಆಟೋ ಎಂದರೆ ವಿಪರೀತ ಭಯ. ಮುಂದೆ ಕೂತ ಗಂಡಸು ತನ್ನನ್ನು ಎಲ್ಲಿಗೋ ಒಯ್ಯುತ್ತಿದ್ದಾನೆ ಎಂದು ಕೂಗಿಕೊಂಡು, ಓಡುತ್ತಿರುವ ಆಟೋದಿಂದಲೇ ಕಾಲು ಹೊರಗೆ ಚಾಚುತ್ತಿದ್ದಳು. ನನ್ನ ಸ್ಕೂಟರಿನ ಹಿಂದೆ ಮಾತ್ರ ಸುಮ್ಮನೆ ಕೂರುತ್ತಿದ್ದಳು. ಹಾಗಾಗಿ ಮೈಲಾಪೂರಿನ ನಮ್ಮ ಫ್ಲ್ಯಾಟಿನಿಂದ ಎಲ್ಲಿಗೆ ಹೊರಟರೂ ಸ್ಕೂಟರೇ.

ಅದನ್ನು ಅವಳಿಗೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಿದ್ದೆ. "ಗಾಡಿ ಸದ್ದಾದ ಕೂಡ್ಲೆ ಹೆಗಲ್ ಮೇಲ್ ಕೈ ಇಡ್ಕ್, ಕೂಕಣ್ಕ್, ಸೊಂಟ ಗಟ್ಟಿ ಹಿಡ್ಕಣ್ಕ್. ದಾರಿಯಗೆ ಮಾತಾಡೂಕಾಗ." ಮಾತು ಬೇಡವೆಂದದ್ದೇಕೆಂದರೆ, ಮಾತಾಡಿದರೆ ಅವಳಿಗೆ ಕೈಯೂ ಆಡಬೇಕು, ಕೈ ಬಿಟ್ಟರೆ ಬೀಳುತ್ತಾಳೆ. ಬೇರೆಲ್ಲ ಮರೆತರೂ ಇದೊಂದನ್ನು ಅವಳು ಮರೆತಿರಲಿಲ್ಲ.

ಹೋಟೆಲಿನ ಅಡುಗೆಮನೆ ನೋಡಿಕೊಳ್ಳುತ್ತಿದ್ದ ಅಪ್ಪನನ್ನು ಮದುವೆಯಾಗಿ ಅವಳು ಕುಂದಾಪುರದ ಕಡೆಯಿಂದ ಈ ಊರಿಗೆ ಬಂದವಳು. ತರಕಾರಿಯವನ ಜೊತೆ ಜಗಳವಾಡುವಷ್ಟು ಚೆನ್ನಾಗಿ ತಮಿಳು ಕಲಿತಿದ್ದಳು. ಮರೆವು ಮೊದಲು ತಿಂದದ್ದು ಆ ತಮಿಳನ್ನು. ಕೊನೆಗೆ ಉಳಿದದ್ದು ಊರಿನ ಮಾತು. ಅದು ಅರ್ಥವಾಗುವವಳು ನಮ್ಮ ಬೀದಿಯಲ್ಲಿ ನಾನೊಬ್ಬಳೇ. ಅಪ್ಪ ತೀರಿಕೊಂಡಿದ್ದರು, ಮನೆಯಲ್ಲಿ ನಾವಿಬ್ಬರೇ.

ಆ ದಿನ ಡಾಕ್ಟರನ್ನು ಕಂಡು ಬರುತ್ತಾ ಪೆಟ್ರೋಲ್ ಬಂಕಿಗೆ ಹೋದೆ. ತಮಿಳರ ಚಿತ್ತಿರೈ ತಿಂಗಳು, ನಡು ಬೇಸಿಗೆಯ ಬಿಸಿಲು, ನೆಲದಿಂದಲೇ ಕಾವು ಏಳುತ್ತಿತ್ತು. ಸೀಟು ಎತ್ತದೆ ಪೆಟ್ರೋಲ್ ಹಾಕುವಂತಿಲ್ಲವಾದ್ದರಿಂದ ಅಮ್ಮನನ್ನು ಇಳಿಸಿ ಪಕ್ಕದಲ್ಲಿ ನಿಲ್ಲಿಸಿದೆ. ತಲೆಯ ಮೇಲೆ ಹೆಲ್ಮೆಟ್ ಹಾಗೇ ಇತ್ತು. ನಮ್ಮ ಮುಂದೆ ನನ್ನದೇ ಥರದ ಕೆಂಪು ಸ್ಕೂಟರ್, ಅದರ ಮೇಲೆ ಪೆಟ್ರೋಲ್ ಹಾಕಿಸಿಕೊಂಡು ಕೂತ, ಹೆಲ್ಮೆಟ್ ಹಾಕಿದ ಹೆಂಗಸೊಬ್ಬಳು. ನಾನು ಕಾರ್ಡ್ ಕೊಟ್ಟು, ಸೀಟು ಮುಚ್ಚಿ, ತಿರುಗಿದೆ. ಅಮ್ಮ ಇರಲಿಲ್ಲ.

"ಅಮ್ಮಾ!" ಎಂದು ಕೂಗಿದೆ. ಬಂಕಿನಲ್ಲಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಅವರಲ್ಲಿ ನನ್ನ ಅಮ್ಮ ಇರಲಿಲ್ಲ. ಪೆಟ್ರೋಲ್ ಹಾಕುವವನು ರಸ್ತೆಯ ಕಡೆ ಕೈ ತೋರಿಸಿದ. "ಅಂದ ಅಮ್ಮಾ ಸೆವಪ್ಪು ವಂಡಿಲ ಏರಿ ಪೋಯಿಟ್ಟಾಂಗಳೇ!"

ಕೆಂಪು ಗಾಡಿ ಹತ್ತಿ ಹೋಗಿಬಿಟ್ಟರಂತೆ! ಮುಂದಿನವಳ ಗಾಡಿ ಸದ್ದಾಗಿತ್ತು. ಅಮ್ಮ ನಾನು ಕಲಿಸಿದಂತೆಯೇ ಅದರ ಮೇಲಿದ್ದವಳ ಹೆಗಲಿಗೆ ಕೈಯಿಟ್ಟು, ಹತ್ತಿ, ಸೊಂಟ ಹಿಡಿದು ಕೂತಿದ್ದಳು.

ಅಷ್ಟರಲ್ಲಿ ನಲ್ಲಿಯ ಕಡೆಯಿಂದ ಮುಖ ಒರೆಸಿಕೊಳ್ಳುತ್ತಾ ಒಬ್ಬರು ಅಜ್ಜಿ ಬಂದರು. ಅವರ ತಲೆಯ ಮೇಲೂ ಹೆಲ್ಮೆಟ್. "ಎನ್ ಮರುಮಗ ಎಂಗೆ?" ಸೊಸೆ ಎಲ್ಲಿ ಎಂದು ನನ್ನನ್ನೇ ಕೇಳಿದರು. ಆ ಸ್ಕೂಟರಿನವಳು ಅವರ ಸೊಸೆ. ಮುಖ ತೊಳೆಯಲು ಹೋದ ಅತ್ತೆ ಬಂದು ಕೂತರೆಂದುಕೊಂಡು ನನ್ನ ಅಮ್ಮನನ್ನು ಕರೆದುಕೊಂಡು ಹೋಗಿದ್ದಳು.

ಅಜ್ಜಿಯ ಫೋನು ಸೊಸೆಯ ಡಿಕ್ಕಿಯಲ್ಲಿತ್ತು. ಯಾರ ನಂಬರೂ ಬಾಯಿಪಾಠವಿರಲಿಲ್ಲ. ಮನೆ ತಿರುವೊಟ್ಟಿಯೂರಿನಲ್ಲಿ, ದೇವಸ್ಥಾನದ ಹಿಂದೆ. ಊರಿನ ಆ ತುದಿ. ನಾನು ಬಂಕಿನವನಿಗೆ ನನ್ನ ನಂಬರ್ ಕೊಟ್ಟು, "ಏರುಂಗ ಪಾಟಿ" ಎಂದೆ. ಅಜ್ಜಿ ನನ್ನ ಹಿಂದೆ ಹತ್ತಿ ಕೂತರು.

"ಹಿಂದೆ ಕೂತವರು ನೀವಲ್ಲ ಅಂತ ಅವಳಿಗೆ ಗೊತ್ತಾಗುವುದಿಲ್ಲವೇ? ಒಂದು ಮಾತಾದರೂ ಆಡುವುದಿಲ್ಲವೇ?" ಬೀಚ್ ರಸ್ತೆಗೆ ಬರುತ್ತಾ ನಾನು ತಮಿಳಿನಲ್ಲಿ ಕೂಗಿ ಕೇಳಿದೆ.

ಅಜ್ಜಿ, "ನೇತ್ತುಲೇರುಂದು ಪೇಚ್ಚೇ ಇಲ್ಲಮ್ಮಾ" ಎಂದರು. ನಿನ್ನೆಯಿಂದ ಅತ್ತೆ ಸೊಸೆಗೆ ಮಾತೇ ಇರಲಿಲ್ಲ. ಹಿಂದೆ ಕೂತವರು ಬಾಯಿ ಬಿಡದಿದ್ದರೆ ಅದು ಅವಳಿಗೆ ಅತ್ತೆಯ ಮುನಿಸು. ನನ್ನ ಅಮ್ಮನಂತೂ ಮಾತಾಡುವುದಿಲ್ಲ, ನಾನೇ ಬೇಡವೆಂದಿದ್ದೆ.

ಕಂಡ ಕೆಂಪು ಸ್ಕೂಟರಿನ ಪಕ್ಕಕ್ಕೆಲ್ಲ ಹೋಗಿ ಇಣುಕಿದೆ. ಒಬ್ಬ ಬೈದ. ಬಂದರಿನ ಹತ್ತಿರ ಕಂಟೇನರ್ ಲಾರಿಗಳ ಸಾಲು ಶುರುವಾಯಿತು. ಈ ಲಾರಿಗಳ ಸಂದಿಯಲ್ಲಿ ಅಮ್ಮ ಹೋಗಿರಬೇಕು. ಸಿಗ್ನಲ್ಲಿನಲ್ಲಿ ಇಳಿದುಬಿಟ್ಟಿದ್ದರೆ? ಬಿಸಿಲಿಗೆ ತಲೆ ಸುತ್ತಿ ಕೈ ಬಿಟ್ಟಿದ್ದರೆ? ರಸ್ತೆಯ ಮೇಲೆ ಒಂದು ಬಟ್ಟೆಯ ಮುದ್ದೆ ಬಿದ್ದಿತ್ತು. ನಾನು ಕಿರುಚಿ ಬ್ರೇಕ್ ಹಾಕಿದೆ. ಹರಿದ ಗೋಣಿಚೀಲ. ಅಜ್ಜಿ ಹಿಂದಿನಿಂದ ನನ್ನ ಭುಜ ಒತ್ತಿ ಹಿಡಿದು, "ಮೆದುವಾ ಪೋಮ್ಮಾ, ಮೆದುವಾ" ಎಂದು ನಿಧಾನಕ್ಕೆ ಹೋಗಲು ಹೇಳಿದರು.

ರಾಯಪುರಂ ಹತ್ತಿರ ನಿಂತಾಗ ಚೀಲದಿಂದ ಫೋನ್ ತೆಗೆದು ನೋಡಿದೆ. ಬಂಕಿನವನ ಮಿಸ್ಡ್ ಕಾಲ್‌ಗಳು ಒಂದರ ಕೆಳಗೊಂದು. ತಿರುಗಿ ಮಾಡಿದರೆ, "ಅಮ್ಮಾ ಇಂಗ ಇರುಕ್ಕಾಂಗ ಮೇಡಂ, ಸೀಕ್ರಂ ವಾಂಗ" ಎಂದ. ಅಮ್ಮ ಬಂಕಿಗೇ ವಾಪಸ್ ಬಂದಿದ್ದಳು. ಬಂದ ದಾರಿಯಲ್ಲೇ ಗಾಡಿ ತಿರುಗಿಸಿದೆ. ಅಳು ಆಗ ಬಂತು.

ಅಮ್ಮ ಗಾಳಿ ಹಾಕುವ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದಳು. ಒಂದು ಕಾಲಿನ ಚಪ್ಪಲಿ ಇರಲಿಲ್ಲ, ಸೀರೆ ಒದ್ದೆಯಾಗಿತ್ತು. ಪಕ್ಕದಲ್ಲಿ ನಿಂತ ಸೊಸೆಯ ದುಪಟ್ಟಾದ ತುದಿ ಅಮ್ಮನ ಮುಷ್ಟಿಯಲ್ಲಿತ್ತು. ಆ ಹುಡುಗಿಯೂ ಅತ್ತಿದ್ದಳು. ಸಿಗ್ನಲ್ಲಿನಲ್ಲಿ ಮನಸ್ಸು ತಡೆಯದೆ ತಾನೇ ಮೌನ ಮುರಿದು, "ಬಾಯಾರಿಕೆಯಾ ಅತ್ತೆ?" ಎಂದು ಕೇಳಿದಳಂತೆ. ಹಿಂದಿನಿಂದ ಬಂದದ್ದು ತಿಳಿಯದ ಭಾಷೆಯ ಉತ್ತರ. "ಬಯಂದುಟ್ಟೇನ್ಕ್ಕಾ" ಎಂದಳು; ಹೆದರಿ, ಗಾಡಿ ತಿರುಗಿಸಿ ಬಂಕಿಗೇ ಬಂದಿದ್ದಳು. ಎಷ್ಟು ಕೇಳಿಕೊಂಡರೂ ಅಮ್ಮ ಅವಳ ಸೊಂಟ ಬಿಟ್ಟಿರಲಿಲ್ಲ.

ನಾನು ಮಂಡಿಯೂರಿ ಅಮ್ಮನ ಕೈ ಹಿಡಿದೆ. "ಅಮ್ಮಾ, ನಾನ್. ಬಾ, ಮನಿಗ್ ಹೋಪ."

ಅವಳು ಕೈ ಎಳೆದುಕೊಂಡಳು. "ನೀವ್ ಯಾರ್? ನಾನ್ ಮಗಳ್ ಒಟ್ಟಿಗೆ ಬಂದದ್. ಇಲ್ಲೇ ಇತ್ಲಲ್ಲೆ" ಎಂದು ದುಪಟ್ಟಾ ಜಗ್ಗಿದಳು.

ನಾನು ಹೆಲ್ಮೆಟ್ ತೆಗೆದೆ. ಕೂದಲು ಸರಿಮಾಡಿಕೊಂಡೆ. ಮುಖ ಹತ್ತಿರ ತಂದು ಮತ್ತೆ ಕರೆದೆ. ಅವಳು ಇನ್ನಷ್ಟು ಹಿಂದಕ್ಕೆ ಸರಿದಳು. ಅದುವರೆಗೆ ಅವಳು ದಿನ, ಊಟ, ಅಪ್ಪನ ಸಾವು ಎಲ್ಲವನ್ನೂ ಮರೆತದ್ದುಂಟು, ನನ್ನನ್ನು ಮರೆತಿರಲಿಲ್ಲ. ಬಂಕಿನಲ್ಲಿ ಇಷ್ಟು ಜನರ ಎದುರು ನಾನು ಯಾರೂ ಅಲ್ಲದವಳಾಗಿ ಮಂಡಿಯೂರಿಕೊಂಡಿದ್ದೆ.

"ನಾನೇ ಕೂರಿಸಿಕೊಂಡು ಬರ್ತೀನಿ ಅಕ್ಕಾ, ದಾರಿ ತೋರಿಸಿ" ಎಂದು ತಮಿಳಿನಲ್ಲಿ ಹೇಳಿದಳು ಆ ಹುಡುಗಿ. ಹಾಗೆ ನಾವು ಮೈಲಾಪೂರಿಗೆ ಬಂದೆವು. ಮುಂದೆ ನಾನು ಅವಳ ಅತ್ತೆಯನ್ನು ಕೂರಿಸಿಕೊಂಡು, ಹಿಂದೆ ಅವಳು ನನ್ನ ಅಮ್ಮನನ್ನು ಕೂರಿಸಿಕೊಂಡು. ಕನ್ನಡಿಯಲ್ಲಿ ನೋಡಿದಾಗಲೆಲ್ಲ ಅಮ್ಮ ಆ ಬೆನ್ನಿಗೆ ಒರಗಿ ನೆಮ್ಮದಿಯಾಗಿ ಕೂತಿರುವುದು ಕಾಣುತ್ತಿತ್ತು.

ಅಮ್ಮನನ್ನು ಮೆಟ್ಟಿಲು ಹತ್ತಿಸಿ ಮಂಚದ ಮೇಲೆ ಕೂರಿಸಿದವಳೂ ಅವಳೇ. ಅತ್ತೆ ಕೆಳಗೆ ಕಾಯುತ್ತಿದ್ದರು. ಇಬ್ಬರನ್ನೂ ಕಳಿಸಲು ಗೇಟಿನ ತನಕ ಹೋದೆ. ಅಜ್ಜಿ ನನ್ನ ಕೆನ್ನೆ ಮುಟ್ಟಿದರು. ಮೇಲೆ ಬಂದರೆ ಬಾಗಿಲಿಗೆ ಒಳಗಿನಿಂದ ಚಿಲಕ.

"ಅಮ್ಮಾ, ಬಾಗ್ಲ್ ತೆಗಿ."

"ನನ್ ಮಗಳ್ ಮನಿಯಗಿಲ್ಲೆ. ಅವಳ್ ಬಂದ್ಮೇಲ್ ಬನ್ನಿ."

"ನಾನೇ ಅಮ್ಮಾ ನಿನ್ ಮಗಳ್!"

"ಅಲ್ಲ" ಎಂದಳು ಒಳಗಿನಿಂದ, ತಣ್ಣಗೆ.

ಬಾಗಿಲು ಬಡಿದೆ, ಬೇಡಿಕೊಂಡೆ, ಅಳುತ್ತಾ ಬೈದೂಬಿಟ್ಟೆ. ಒಳಗೆ ಗ್ಯಾಸ್ ಇತ್ತು, ಬಾಲ್ಕನಿ ಇತ್ತು. ಎದುರು ಮನೆಯವರು ಬಡಗಿಯನ್ನು ಕರೆಸುತ್ತೇನೆಂದರು. ಬಾಗಿಲು ಒಡೆಯುವ ಸದ್ದಿಗೆ ಅವಳು ಏನು ಮಾಡಿಕೊಳ್ಳುತ್ತಾಳೋ ಎಂದು ಬೇಡವೆಂದೆ. ನೆಲದ ಮೇಲೆ ಕೂತು ಬಾಗಿಲಿಗೆ ತಲೆ ಕೊಟ್ಟೆ. ಆಮೇಲೆ ಎದ್ದು, ಕಣ್ಣೊರೆಸಿಕೊಂಡು, ಬೇರೆಯವರ ಮನೆಯ ಬಾಗಿಲು ತಟ್ಟುವ ಹಾಗೆ ಮೆಲ್ಲಗೆ ತಟ್ಟಿದೆ.

"ಅಮ್ಮ ಇದ್ರಾ? ನಿಮ್ ಮಗಳ್ ಕಳ್ಸಿದ್. ಗಂಜಿ ಮಾಡಿ ಕೊಡೂಕೆ ಹೇಳಿರ್."

ಚಿಲಕ ಸರಿಯಿತು. "ಮೊದ್ಲೇ ಹೇಳೂಕಾಗ್ದಾ? ಒಳಗ್ ಬನ್ನಿ" ಎಂದಳು.

ಗಂಜಿ ಮಾಡಿ, ಉಪ್ಪಿನಕಾಯಿ ಹಾಕಿ ಕೊಟ್ಟೆ. ಹಸಿದಿದ್ದಳು, ಬೇಗಬೇಗ ಉಂಡಳು. ಉಂಡು ಮುಗಿಸಿ, "ಮಗಳಿಗೂ ಚೂರ್ ಇಡಿ. ಬಿಸ್ಲಗೆ ಬಪ್ಪತಿಗೆ ಹಸ್ವಾಯಿಕ್ಕ್" ಎಂದಳು. ಒಂದು ಪಾತ್ರೆಯಲ್ಲಿ ಹಾಕಿ ಅವಳ ಕಣ್ಣೆದುರೇ ಮುಚ್ಚಿಟ್ಟೆ.

ಆಮೇಲೆ ಅವಳನ್ನು ಸ್ಕೂಟರಿನ ಮೇಲೆ ಕೂರಿಸಲಿಲ್ಲ. ಅವಳು ಮತ್ತೆ ನನ್ನನ್ನು ಮಗಳೆಂದು ಕರೆಯಲೂ ಇಲ್ಲ. ಅವಳು ತೀರಿಹೋಗುವ ತನಕ, ಒಂದು ವರ್ಷಕ್ಕೂ ಹೆಚ್ಚು ಕಾಲ, ಮಗಳು ಕಳಿಸಿದ ಹೆಂಗಸಾಗಿಯೇ ಆ ಮನೆಯಲ್ಲಿ ಅವಳ ಜೊತೆ ಇದ್ದೆ.